ಹೊಲ ಹೊಲಿಯೋಣ ಬರ್ರಿ: ಊರು ಕೂಡಿ ಒಂದು ಕೌದಿ

ರಾಶಿ ಮುಗಿದು, ಕಣಿಕಿ ಬಣವಿ ಒಟ್ಟಿ, ಜೋಳದ ಚೀಲ ಒಳಮನೆ ಸೇರಿದ ಮೇಲೆ ನಮ್ಮ ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕೈಗೆ ಒಂದಿಷ್ಟು ಬಿಡುವು ಸಿಗುತ್ತದೆ. ಬಿಡುವು ಅಂದರೆ ಮಧ್ಯಾಹ್ನದ ಎರಡು ತಾಸು, ಅಷ್ಟೇ. ಹಳೇ ಬಟ್ಟೆಯನ್ನು ಪದರ ಪದರ ಹೊಲಿದು ಮಾಡುವ ಹೊದಿಕೆ, ನಮ್ಮ ಕೌದಿ, ಹುಟ್ಟುವುದು ಆ ಎರಡು ತಾಸಿನಲ್ಲಿ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಈ ಮೂಡಣ ಅಂಚಿನಲ್ಲಿ ತಲಾಠಿ (ಊರಿನ ಕಂದಾಯ ಅಧಿಕಾರಿ) ಕೊಡುವ ಉತಾರ, ಅಂದರೆ ಹೊಲದ ಪಹಣಿ, ಮರಾಠಿಯಲ್ಲಿರುತ್ತದೆ. ಆ ಉತಾರದೊಳಗಿನ ಹೊಲಕ್ಕೆ ನಾವು ಕರೆಯುವ ಹೆಸರು ಮಾತ್ರ ಕನ್ನಡದ್ದು: ಹುಣಸಿಮರದ ಹೊಲ, ಹಳ್ಳದ ಪಟ್ಟಿ, ಕಲ್ಲಹೊಲ, ಅತ್ತೀಮನಿ ಹೊಲ. ಈ ಹೆಸರುಗಳು ಯಾವ ಕಾಗದದಲ್ಲೂ ಇಲ್ಲ. ಅವನ್ನೆಲ್ಲ ಒಂದು ಕೌದಿಯ ಮೇಲೆ ತರುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. 24 ಮನೆ, 24 ಚೌಕ. ಪ್ರತಿ ಚೌಕ ಒಂದು ಮನೆಯ ಹೊಲ, ಆ ಹೊಲದಲ್ಲಿ ದುಡಿದ ಬಟ್ಟೆಯಿಂದಲೇ ಮಾಡಿದ್ದು. ನಾವು ಇದಕ್ಕೆ ಹೊಲದ ಕೌದಿ ಅನ್ನುತ್ತೇವೆ. ಪಕ್ಕದ ಓಣಿಯ ಮರಾಠಿ ಹೆಣ್ಣುಮಕ್ಕಳಿಗೆ ಇದೇ ವಾಕಳ, ಇನ್ನೂ ಬಡಗಣಕ್ಕೆ ಹೋದರೆ ಗೋಧಡಿ. ಅವರನ್ನೂ ಕರೆಯಿರಿ. ಅವರ ಹೊಲಗಳೂ ಅದೇ ಹಳ್ಳದ ದಂಡೆಯಲ್ಲೇ ಇವೆ.

ಮೊದಲೇ ಒಂದು ಮಾತು. ಗೋಡೆಗೆ ತೂಗುಹಾಕುವ ಕೌದಿ ಮಾಡಬೇಕು ಅಂತಿದ್ದರೆ ಈ ದಾರಿ ನಿಮಗಲ್ಲ. ಇದನ್ನು ಯಾರಾದರೂ ಹೊದ್ದು ಮಲಗಬೇಕು. ಕೆಳಗೆ ಬರುವ ಅಳತೆ, ದಾರ, ಸಾಲಿನ ಲೆಕ್ಕವೆಲ್ಲ ಹೊದೆಯುವ ಕೌದಿಗೆ ಹೊಂದುವಂತೆ ಇದೆ.

ಜನ ಮತ್ತು ಹೊತ್ತು

ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ ಕಾರಹುಣ್ಣಿಮೆಯೊಳಗೆ ಮುಗಿಸುವಂತೆ ನೋಡಿಕೊಳ್ಳಿ. ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಕೊಂಬಿಗೆ ಬಣ್ಣ, ಕೂರಿಗೆ ದುರಸ್ತಿ, ಬೀಜದ ಚಿಂತೆ. ಆಮೇಲೆ ಯಾರೂ ಸೂಜಿ ಹಿಡಿಯುವುದಿಲ್ಲ. (ಈ ಹಬ್ಬಕ್ಕೆ ನಮ್ಮ ಕಡೆಯ ಮರಾಠಿಗರು ಕರ್ನಾಟಕಿ ಬೇಂದೂರ ಅನ್ನುತ್ತಾರೆ. ಅವರ ಬೇಂದೂರ ಒಂದು ತಿಂಗಳು ತಡ, ಆಷಾಢ ಹುಣ್ಣಿಮೆಗೆ. ಒಂದೇ ಊರಲ್ಲಿ ಎತ್ತುಗಳಿಗೆ ಎರಡು ಸಲ ಹಬ್ಬ.)

ಬಟ್ಟೆ ಕೊಡುವವರು 24 ಮನೆಯವರಿದ್ದರೂ ಹೊಲಿಯಲು ಕೂರುವವರು ಆರು ಜನ ಸಾಕು, ಎಂಟು ಜನ ಹೆಚ್ಚೆಂದರೆ. ಅದಕ್ಕಿಂತ ಹೆಚ್ಚಾದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಒಂದು ಲೆಕ್ಕ ಕೊಡುತ್ತೇನೆ. 5 ಫೂಟು ಅಗಲ, 7 ಫೂಟು ಉದ್ದದ ಕೌದಿಗೆ ಅರ್ಧ ಅಂಗುಲಕ್ಕೊಂದು ಸಾಲು ಹಾಕಿದರೆ ಒಟ್ಟು ಸಾಲಿನ ಉದ್ದ 256 ಮೀಟರ್ ಆಗುತ್ತದೆ. ಪಳಗಿದ ಕೈ ತಾಸಿಗೆ ನಾಲ್ಕು ಮೀಟರ್ ಹೊಲಿಯುತ್ತದೆ ಅಂದುಕೊಂಡರೆ 64 ತಾಸಿನ ಕೆಲಸ. ಆರು ಜನ ದಿನಕ್ಕೆ ಎರಡು ತಾಸು ಕೂತರೆ ಆರು ದಿನ. ಚೌಕಗಳನ್ನು ಸಿದ್ಧ ಮಾಡುವ ಕೆಲಸ ಇದರಲ್ಲಿ ಸೇರಿಲ್ಲ, ಅದು ಮನೆಮನೆಯಲ್ಲಿ ಬೇರೆ ನಡೆಯುತ್ತದೆ. ಬಚತ ಗಟದ (ಹೆಣ್ಣುಮಕ್ಕಳ ಉಳಿತಾಯ ಸಂಘದ) ಸಭೆಯ ದಿನ ಚೌಕ ಹಂಚಿದರೆ ಮುಂದಿನ ಸಭೆಗೆ ವಾಪಸು ಬರುತ್ತವೆ.

ಕೈ ಬಲ್ಲ ಒಬ್ಬ ಹಿರಿಯಳು ಬೇಕೇ ಬೇಕು. ನಿಮ್ಮ ಊರಲ್ಲಿ ಇಲ್ಲದಿದ್ದರೆ ಕೌದಿ ಹೊಲಿಯುತ್ತ ಊರೂರು ತಿರುಗುವ ಗೊಂದಳಿಗರ ಹೆಣ್ಣುಮಕ್ಕಳನ್ನು ಕರೆಯಿರಿ. ಕರೆದ ಮೇಲೆ ಕೂಲಿಯನ್ನು ರೊಕ್ಕದಲ್ಲೇ ಕೊಡಿ, ದಿನದ ಹೊಲದ ಕೂಲಿಗೆ ಕಡಿಮೆಯಾಗದಂತೆ. ಒಂದು ಪಡಿ ಜೋಳ, ಒಂದು ಹಳೇ ಸೀರೆ ಕೊಟ್ಟು ಕಳಿಸುವ ಕಾಲ ಹೋಗಲಿ. ಅವರದ್ದು ಬೇಡಿ ತಿನ್ನುವ ಕೆಲಸ ಅಲ್ಲ, ಕಾಯಕ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂದು ಕಾಯಕದ ಹೆಸರಿನಿಂದಲೇ ಕರೆಸಿಕೊಂಡವರಿದ್ದಾರೆ. ಬಿಜ್ಜಳನ ಮಂಗಳವೇಢೆ ನಮ್ಮ ಪಕ್ಕದ ತಾಲ್ಲೂಕು, ಇದು ನಮಗೆ ಯಾರೂ ನೆನಪು ಮಾಡಿಕೊಡಬೇಕಾದ ಮಾತಲ್ಲ.

ಬಟ್ಟೆ ಆರಿಸುವುದು

ಕೌದಿಯ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಹೊಲಿಗೆ ಸೊಟ್ಟಾದರೆ ನಡೆಯುತ್ತದೆ, ಬಟ್ಟೆ ತಪ್ಪಿದರೆ ನಡೆಯುವುದಿಲ್ಲ.

ಮೊದಲನೆಯದು, ಹತ್ತಿಯ ಬಟ್ಟೆಯೇ ಆಗಬೇಕು. ಇಳಕಲ್ ಸೀರೆ, ಧೋತರ, ರುಮಾಲು, ಟಾವೆಲ್ಲು, ಗುಳೇದಗುಡ್ಡ ಖಣದ ಕುಪ್ಪಸ, ಮಕ್ಕಳ ಹತ್ತಿ ಅಂಗಿ, ಸೋಲಾಪುರ ಚಾದರದ ಹರಿದು ಉಳಿದ ಭಾಗ (ಚಾದರ ದಪ್ಪ, ಒಳಪದರಕ್ಕೆ ಮಾತ್ರ). ಈಗಿನ ಸೀರೆಗಳಲ್ಲಿ ಯಾವುದು ಹತ್ತಿ, ಯಾವುದು ಪಾಲಿಸ್ಟರ್ ಅಂತ ಮುಟ್ಟಿ ಹೇಳುವುದು ಕಷ್ಟ. ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಕರಿ ಮಣಿಯಂತೆ ಗಟ್ಟಿಯಾದರೆ ಪಾಲಿಸ್ಟರ್. ಪಾಲಿಸ್ಟರ್ ಬೆವರು ಹೀರುವುದಿಲ್ಲ, ಸೂಜಿಯಡಿ ಜಾರುತ್ತದೆ, ಪಕ್ಕದ ಹತ್ತಿಯ ತುಂಡನ್ನು ನಾಲ್ಕೇ ವರ್ಷದಲ್ಲಿ ಹರಿಯುತ್ತದೆ.

ಎರಡನೆಯದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಔಷಧ ಹೊಡೆಯುವಾಗ ಉಟ್ಟ, ತೊಟ್ಟ ಬಟ್ಟೆ ಕೌದಿಗೆ ಬೇಡ. ನಮ್ಮ ಕಡೆ ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಸಿಂಪಡಣೆ ತಪ್ಪುವುದೇ ಇಲ್ಲ. ಗಂಡಸರು ಆ ಕೆಲಸಕ್ಕೆಂದೇ ಹಳೇ ಅಂಗಿ, ಹಳೇ ಧೋತರ ಇಟ್ಟುಕೊಂಡಿರುತ್ತಾರೆ. ಮನೆಯಲ್ಲಿ ಹಳೇ ಬಟ್ಟೆ ಹುಡುಕಿದಾಗ ಮೊದಲು ಕೈಗೆ ಸಿಗುವುದೂ ಅವೇ. ಎಷ್ಟು ಸಲ ಒಗೆದರೂ ಅದರ ನಂಜು ಪೂರ್ತಿ ಹೋಗುತ್ತದೆ ಅನ್ನುವ ಭರವಸೆ ಇಲ್ಲ, ಈ ಕೌದಿಯೊಳಗೆ ಎಳೆಗೂಸು ಮಲಗುತ್ತದೆ. ಕೇಳಿ, ಖಾತ್ರಿ ಮಾಡಿಕೊಂಡೇ ತೆಗೆದುಕೊಳ್ಳಿ. ಕೀಟನಾಶಕ ಬಂದ ಚೀಲ, ಬೀಜೋಪಚಾರ ಮಾಡಿದ ಬೀಜದ ಚೀಲಕ್ಕೂ ಇದೇ ಮಾತು.

ಮೂರನೆಯದು ಬಣ್ಣ. ಕೆಂಪು, ದಾಳಿಂಬೆ ಬಣ್ಣ, ಗಾಢ ನೀಲಿ ಇವು ಬಣ್ಣ ಬಿಡುತ್ತವೆ. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿ, ನೀರು ತಿಳಿಯಾಗುವ ತನಕ ಒಗೆಯಬೇಕು. ನಾಲ್ಕು ಸಲ ಒಗೆದರೂ ಬಿಡುತ್ತಲೇ ಇದ್ದರೆ ಒಳಪದರಕ್ಕೂ ಹಾಕಬೇಡಿ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆದು ಎರಡು ಬಿಸಿಲು ಕಾಯಿಸಿ. ಕುಗ್ಗುವುದೆಲ್ಲ ಕತ್ತರಿ ಹಾಕುವ ಮೊದಲೇ ಕುಗ್ಗಲಿ.

ಇನ್ನು ಯಾವ ಭಾಗ ಆರಿಸಬೇಕು ಅನ್ನುವುದು. ಕಳೆದ ಸಲ ಒಬ್ಬ ಮುದುಕಿ ತಂದ ಸೀರೆಯನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆವು. ಹಸಿರು ಸೀರೆ. ಮೊಣಕಾಲು ಬರುವ ಜಾಗದಲ್ಲಿ ಎರಡು ಅಂಗೈಯಷ್ಟು ಅಗಲ ಬಣ್ಣ ಮಾಸಿ ಬಿಳಿಚಿತ್ತು, ಎಳೆ ಎಣಿಸುವಷ್ಟು ತೆಳ್ಳಗಾಗಿತ್ತು. ನಲವತ್ತು ವರ್ಷ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದ ಗುರುತು. ಸೆರಗಿನ ಹತ್ತಿರ ಉಡಿ ಕಟ್ಟುವ ಕಡೆ ಇನ್ನೊಂದು ಗುರುತು, ಬೀಜ ತುಂಬಿ ತುಂಬಿ ಬಟ್ಟೆ ಅಲ್ಲಿ ಒಂದಿಷ್ಟು ಜೋತುಬಿದ್ದಿತ್ತು. ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ (ಬೀಜದ ಕೊಳವೆ) ಹಿಡಿದು ಕಾಳು ಬಿಡುವವಳು ಹೆಣ್ಣುಮಗಳು. ಅದು ಅವಳ ಉಡಿ. ನನ್ನ ಮಗಳು ಕತ್ತರಿ ಹಿಡಿದು ಆ ತೆಳ್ಳಗಿನ ಭಾಗ ಬಿಟ್ಟು ಗಟ್ಟಿ ಬಟ್ಟೆ ಕತ್ತರಿಸಲು ಹೋದಳು. ಮುದುಕಿ, "ಅದನ್ನ ಬಿಟ್ರ ಉಳದದ್ದೇನವ್ವ, ಬರೇ ಸೀರಿ" ಅಂದಳು.

ಆ ತೆಳ್ಳಗಿನ ಭಾಗವನ್ನು ಹೇಗೆ ಉಳಿಸಬೇಕು ಅಂದರೆ, ಅದರ ಅಡಿಗೆ ಅದೇ ಬಣ್ಣದ ಗಟ್ಟಿ ಬಟ್ಟೆ ಕೊಟ್ಟು, ಕಾಲಂಗುಲಕ್ಕೊಂದು ಸಾಲಿನಂತೆ ಒತ್ತಾಗಿ ಹೊಲಿಯಬೇಕು. ಬಟ್ಟೆಯ ಭಾರವನ್ನು ದಾರ ಹೊರುತ್ತದೆ. ಇಂಥ ಗುರುತಿರುವ ತುಂಡುಗಳನ್ನೇ ಹುಡುಕಿ. ಉಡಿ, ಮೊಣಕಾಲು, ಹೆಗಲ ಮೇಲೆ ನೊಗ ಹೊತ್ತು ಸವೆದ ಅಂಗಿ, ಬುತ್ತಿ ಕಟ್ಟಿದ ಅರಿವೆ. ಹೊಸ ಬಟ್ಟೆ ಕೊಂಡು ತಂದು ಹೊಲದ ಚಿತ್ರ ಮಾಡಬೇಡಿ. ಹೊಲಕ್ಕೆ ಹೋಗದ ಬಟ್ಟೆಗೆ ಹೊಲದ ಸುದ್ದಿ ಗೊತ್ತಿರುವುದಿಲ್ಲ.

ಅಳತೆ, ದಾರ, ಸೂಜಿ

ಅಡಿಹಾಸು ಒಂದೇ ಸೀರೆಯದ್ದಾಗಿರಲಿ. ಹದಿನೆಂಟು ಮೊಳದ ಸೀರೆ ಅಂದರೆ ಒಂಬತ್ತು ಗಜ, 27 ಫೂಟು. ಅದನ್ನು 5 ಫೂಟು 2 ಅಂಗುಲದಂತೆ ಅಡ್ಡಡ್ಡ ಕತ್ತರಿಸಿದರೆ ಐದು ತುಂಡು ಬರುತ್ತವೆ. ಸೀರೆಯ ಪನ್ನ (ಅಗಲ) ಸುಮಾರು 45 ಅಂಗುಲ ಇರುವುದರಿಂದ ಎರಡು ತುಂಡು ಪಕ್ಕಪಕ್ಕ ಇಟ್ಟು ಕೂಡಿಸಿದರೆ 7 ಫೂಟಿನ ಉದ್ದ ಸಿಕ್ಕು ಅಂಚು ಮಡಚಲೂ ಉಳಿಯುತ್ತದೆ. ಅಂದರೆ ಒಂದು ಸೀರೆಯಲ್ಲಿ ಎರಡು ಪದರ, ಮತ್ತೊಂದು ತುಂಡು ಉಳಿತಾಯ. ಆರು ಗಜದ ಸೀರೆಯಾದರೆ ಒಂದು ಪದರ ಆಗಿ ಎಂಟು ಫೂಟಿನಷ್ಟು ಉಳಿಯುತ್ತದೆ.

ಒಟ್ಟು ನಾಲ್ಕು ಪದರ ಸಾಕು. ಅಡಿಹಾಸು, ನಡುವೆ ಎರಡು, ಮೇಲೆ ಚೌಕಗಳು. ಐದು ಮಾಡಿದರೆ ಮಾಗಿಯ ಚಳಿಗೆ ಹಿತ, ಆದರೆ ಬೆರಳಿಗೆ ನೋವು. ನಾವು ಮಾಡಿದ ನಾಲ್ಕು ಪದರದ ಕೌದಿ ತಕ್ಕಡಿಗೆ ಹಾಕಿದಾಗ ಮೂರು ಕಿಲೋ ಹತ್ತಿರ ಬಂತು. ನಡುವಿನ ಪದರಗಳಲ್ಲಿ ಹರಕು ಮುರುಕು ತುಂಡು ಜೋಡಿಸಬಹುದು, ಆದರೆ ಒಂದರ ಕೂಡಿಕೆಯ ಮೇಲೆ ಇನ್ನೊಂದರ ಕೂಡಿಕೆ ಬರದಂತೆ ಎರಡು ಅಂಗುಲ ಆಚೀಚೆ ಸರಿಸಿ. ಇಲ್ಲದಿದ್ದರೆ ಅಲ್ಲಿ ದಪ್ಪ ಗೆರೆ ಎದ್ದು ಸೂಜಿ ಮುರಿಯುತ್ತದೆ.

ದಾರ ಹತ್ತಿಯದು, ದಪ್ಪನೆಯದು, ಬಿಳಿ. ಜೋಡಿ ಎಳೆಯಲ್ಲಿ ಹೊಲಿಯಬೇಕು. ಅರ್ಧ ಅಂಗುಲದ ಸಾಲಿಗೆ 600 ಮೀಟರ್ ಹಿಡಿಯುತ್ತದೆ, ಮುಕ್ಕಾಲು ಅಂಗುಲಕ್ಕೆ 400. ಒಂದು ಅಂಗುಲದ ಸಾಲಾದರೆ 300ಕ್ಕೆ ಮುಗಿಯುತ್ತದೆ, ಆದರೆ ಅಂಥ ಕೌದಿ ನಾಲ್ಕು ಒಗೆತಕ್ಕೆ ಒಳಗೊಳಗೇ ಗಂಟುಕಟ್ಟುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕುಬೀಳುವುದಿಲ್ಲ. ಎರಡು ಮೊಳಕ್ಕಿಂತ ಉದ್ದ ಕತ್ತರಿಸಬೇಡಿ. ಉದ್ದ ದಾರ ಬೇಗ ಕೆಲಸ ಮಾಡುತ್ತದೆ ಅನ್ನಿಸುತ್ತದೆ, ಆದರೆ ಪ್ರತಿ ಸಲ ಎಳೆಯುವಾಗಲೂ ಅದೇ ತುದಿ ಬಟ್ಟೆಗೆ ಉಜ್ಜಿ ನುಣುಪು ಕಳೆದುಕೊಂಡು ಅರ್ಧಕ್ಕೇ ಹರಿಯುತ್ತದೆ.

ದಬ್ಬಣ ಬೇಡ, ಅದು ಚೀಲ ಹೊಲಿಯಲು. ಎರಡೂವರೆ ಅಂಗುಲದ ಉದ್ದ ಸೂಜಿ ತನ್ನಿ, ತಲೆಗೆ ಎರಡರಂತೆ.

24 ಹೊಲ

ಈಗ ನಕ್ಷೆ. ಹಿಂದಿನವರು ಹೀಗೆ ಹೊಲದ ನಕ್ಷೆ ಇಟ್ಟು ಹೊಲಿದವರಲ್ಲ. ಚೌಕ, ತ್ರಿಕೋನ, ಉದ್ದ ಪಟ್ಟಿ ಬಂದ ಹಾಗೆ ಜೋಡಿಸುತ್ತಿದ್ದರು, ಆ ಜೋಡಣೆಯಲ್ಲೇ ಅವರ ಕಣ್ಣು ಕಾಣುತ್ತಿತ್ತು. ಆ ಸ್ವಾತಂತ್ರ್ಯ ಉಳಿಯುವ ಹಾಗೆ ನಾವು ಇಷ್ಟೇ ಕಟ್ಟು ಹಾಕಿಕೊಂಡೆವು: ಚೌಕ ಒಂದು ಫೂಟಿನದು, ಅದರ ಜಾಗ ಹೊಲದ ಜಾಗ. ಅದರೊಳಗೆ ಏನು ಹೊಲಿಯಬೇಕು ಅನ್ನುವುದು ಆ ಮನೆಯವಳ ಇಷ್ಟ.

ಚೌಕದ ಅಡಿಬಟ್ಟೆ 13 ಅಂಗುಲಕ್ಕೆ ಕತ್ತರಿಸಿ. ಸುತ್ತ ಅರ್ಧ ಅಂಗುಲ ಹೊಲಿಗೆಗೆ ಹೋಗಿ 12 ಉಳಿಯುತ್ತದೆ. ಅಡ್ಡ ನಾಲ್ಕು, ಉದ್ದ ಆರು ಇಟ್ಟರೆ ನಾಲ್ಕು ಫೂಟು, ಆರು ಫೂಟು ಆಯಿತು. ಸುತ್ತಲೂ ಅರ್ಧ ಫೂಟಿನ ದಡಿ (ಸೀರೆಯ ಅಂಚಿನ ಪಟ್ಟಿ) ಬಂದರೆ 5 ಮತ್ತು 7.

ಜೋಡಿಸುವ ಮೊದಲು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಊರಿನ ನಕ್ಷೆ ಹಾಕಿ: ಊರು ಎಲ್ಲಿ, ಹಳ್ಳ ಎಲ್ಲಿ, ದಾರಿ ಎಲ್ಲಿ. ಯಾರ ಹೊಲ ಯಾರ ಬದುವಿಗೆ ಹತ್ತಿದೆ ಅಂತ ಕೇಳುತ್ತ ಹೋಗಿ. ಈ ಕೆಲಸಕ್ಕೆ ಒಂದಿಡೀ ಮಧ್ಯಾಹ್ನ ಬಿಟ್ಟುಕೊಡಿ. ನಮ್ಮಲ್ಲಿ ಹೊಲ ಗಂಡಸರ ಹೆಸರಿನಲ್ಲೇ ಹೆಚ್ಚು, ಆದರೆ ಯಾವ ಬದುವಿನಲ್ಲಿ ಬೋರೆ ಗಿಡ ಇದೆ, ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಯಾವ ಬನ್ನಿಗಿಡದ ನೆರಳಿಗೆ ತೊಟ್ಟಿಲು ಕಟ್ಟುತ್ತಿದ್ದರು ಅನ್ನುವುದು ಹೆಣ್ಣುಮಕ್ಕಳ ಬಾಯಿಂದಲೇ ಬಂತು. ಗಂಡಸರು ಬಂದು ನಿಂತು ಕೇಳಿದರು.

ಡೋಣಿ ನದಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಮಾತು ವಿಜಯಪುರದವರದ್ದಾದರೂ ನೀರು ಹೊರಡುವುದು ಇಲ್ಲಿಂದ. ನಿಮ್ಮ ಊರಿಗೆ ಯಾವ ಹಳ್ಳವೋ ಅದಕ್ಕೆ ಒಂದು ಬೂದು ಬಣ್ಣದ ಪಟ್ಟಿ ಚೌಕಗಳ ಮೇಲೆ ಸೊಟ್ಟಗೆ ಹಾಯಲಿ. ಬೇಸಿಗೆಯಲ್ಲಿ ಅದು ಉಸುಕು ಮಾತ್ರ, ಹಾಗಾಗಿ ಬೂದು. ಮ್ಹೈಸಾಳ ಏತ ನೀರಾವರಿ ಯೋಜನೆಯ ಕೃಷ್ಣೆಯ ನೀರು ತಲುಪಿದ ಹೊಲಗಳಿಗೆ ನಾವು ನೀಲಿ ದಾರದ ಒಂದು ಸಾಲು ಹೆಚ್ಚಿಗೆ ಕೊಟ್ಟೆವು. ಯಾರ ಚೌಕಕ್ಕೆ ನೀಲಿ ಇದೆ, ಯಾರದಕ್ಕಿಲ್ಲ ಅನ್ನುವುದು ಕೌದಿ ಹಾಸಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಅದನ್ನು ಮುಚ್ಚಿ ಹೊಲಿಯಬೇಕು ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ.

ಚೌಕದೊಳಗೆ ಏನೇನು ಬಂದವು ಹೇಳುತ್ತೇನೆ, ನಿಮಗೆ ದಾರಿ ಸಿಕ್ಕೀತು. ಬಿಳಿಜೋಳದ ತೆನೆ: ಧೋತರದ ಬಿಳಿ ತುಂಡನ್ನು ಹುಣಸೆಬೀಜದಷ್ಟು ಅಳತೆಗೆ ಮಡಚಿ ಒತ್ತೊತ್ತಾಗಿ ಹೊಲಿದದ್ದು. ಎಳ್ಳಮವಾಸ್ಯೆಯ ಚರಗ (ಹೊಲಕ್ಕೆ ಚೆಲ್ಲುವ ಎಡೆ): ಖಣದ ಐದು ತುಂಡು ಬುತ್ತಿಯಾಗಿ, ಸುತ್ತಲೂ ಚೆಲ್ಲಿದ ಹಳದಿ ಹೊಲಿಗೆ. ಕಾರಹುಣ್ಣಿಮೆಯ ಎತ್ತು: ಮೈ ಧೋತರ, ಕೊಂಬು ಕೆಂಪು ದಡಿ. ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳು ಮಾಡುವ ಎತ್ತಿನಂತೆಯೇ ಕಾಲು ಮೋಟು. ಒಬ್ಬಳು ಸೀತನಿ (ಎಳೆ ಜೋಳದ ತೆನೆ) ಸುಡುವ ಕುಣಿ ಮಾಡಿದಳು, ಕರಿ ಅರಿವೆಯ ನಡುವೆ ಮೂರೇ ಮೂರು ಕಿತ್ತಳೆ ಹೊಲಿಗೆ. ಇನ್ನೊಬ್ಬಳು ಕಣ, ನಡುವೆ ಮೇಟಿಯ ಕಂಬ, ಸುತ್ತ ತೆನೆ ತುಳಿಯುವ ಎತ್ತುಗಳ ಹಂತಿ. ಬಾವಿ ಬತ್ತಿದವಳು ಬತ್ತಿದ ಬಾವಿಯನ್ನೇ ಹೊಲಿದಳು: ಉಂಗುರದೊಳಗೆ ಉಂಗುರ, ನಡುವೆ ಏನೂ ಇಲ್ಲ.

ಚಿತ್ರದ ತುಂಡಿನ ಅಂಚನ್ನು ಕಾಲಂಗುಲ ಒಳಗೆ ಮಡಚಿ, ಉಗುರಿನಿಂದ ಗೀಚಿ ಕೂರಿಸಿ, ಸಣ್ಣ ಹೊಲಿಗೆಯಲ್ಲಿ ಅಡಿಬಟ್ಟೆಗೆ ಹಿಡಿಸಿ. ಉರುಟು ಆಕಾರಕ್ಕೆ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಕತ್ತರಿ ಕೊಟ್ಟರೆ ಮಡಿಕೆ ಸಲೀಸಾಗಿ ತಿರುಗುತ್ತದೆ. ಹೊಲದ ಹೆಸರನ್ನು ಚೌಕದ ಕೆಳಗೆ ಕನ್ನಡ ಅಕ್ಷರದಲ್ಲಿ ಹೊಲಿಯಿರಿ. ಮೊದಲು ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಬರೆದುಕೊಂಡು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಮುಂದಕ್ಕೆ ಎರಡು ಹೋಗುವ ಹೊಲಿಗೆ ಹಾಕಿ. ಕನ್ನಡ ಅಕ್ಷರ ಗುಂಡಗಿರುವುದರಿಂದ ಉದ್ದ ಹೊಲಿಗೆಗೆ ಕೂರುವುದಿಲ್ಲ, ಜೋಳದ ಕಾಳಿಗಿಂತ ಸಣ್ಣದಿರಬೇಕು. ಓದು ಬಾರದವರ ಚೌಕಕ್ಕೆ ಕನ್ನಡ ಶಾಲೆಗೆ ಹೋಗುವ ಮಕ್ಕಳು ಬರೆದುಕೊಟ್ಟರು. ಮರಾಠಿ ಮನೆಯವರು ತಮ್ಮ ಹೊಲದ ಹೆಸರನ್ನು ಮರಾಠಿಯಲ್ಲೇ ಹೊಲಿದರು.

ಹಾಸುವುದು, ಟಾಕು ಹಾಕುವುದು

ಸಾರಿಸಿ ಒಣಗಿದ ನೆಲ, ಗುಡಿಯ ಪೌಳಿ ಅಥವಾ ಬೇವಿನ ನೆರಳಿನಲ್ಲಿ ಹಾಸಿದ ತಾಡಪತ್ರಿ, ಎಲ್ಲಾದರೂ ಸರಿ. ಅಡಿಹಾಸನ್ನು ಒಳಮೈ ಮೇಲಾಗಿ ಹಾಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಬಿಗಿಯಾಗಿ ಎಳೆದು ಕಲ್ಲು ಇಡಿ. ಮೇಲೆ ಒಂದೊಂದೇ ಪದರ, ಪ್ರತಿ ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತ. ಕೊನೆಗೆ ದಡಿಯೊಡನೆ ಕೂಡಿಸಿಟ್ಟ ಚೌಕಗಳು.

ನಾನು ಮೊದಲ ಸಲ ಓಣಿಯವರನ್ನು ಕೂಡಿಸಿ ಹೊಲಿಸಿದಾಗ ಇಲ್ಲೇ ಎಡವಿದೆ. ಟಾಕು, ಅಂದರೆ ಪದರ ಸರಿಯದಂತೆ ಹಿಡಿದಿಡುವ ತಾತ್ಕಾಲಿಕ ಹೊಲಿಗೆ, ಹಾಕುವುದು ಸುಮ್ಮನೆ ಹೊತ್ತು ಕಳೆಯುವ ಕೆಲಸ ಅನ್ನಿಸಿ, ಅಂಚಿಗಷ್ಟೇ ಹಾಕಿ ನಾಲ್ಕು ಕಡೆಯಿಂದ ನಾಲ್ಕು ಜನ ಹೊಲಿಯತೊಡಗಿದೆವು. ನಾಲ್ಕನೇ ದಿನಕ್ಕೆ ನಡುವೆ ಬಟ್ಟೆಯೆಲ್ಲ ಒತ್ತರಿಸಿ ಹೋಳಿಗೆ ಉಬ್ಬಿದ ಹಾಗೆ ಎದ್ದು ನಿಂತಿತು. ನಾಲ್ವರೂ ತಂತಮ್ಮ ಕಡೆಯ ಸುಕ್ಕನ್ನು ನಡುವಿಗೆ ತಳ್ಳಿದ್ದೆವು. ಎರಡು ದಿನದ ಹೊಲಿಗೆ ಬಿಚ್ಚಬೇಕಾಯಿತು. ಬಿಚ್ಚುವಾಗ ಯಾರೂ ಒಬ್ಬರನ್ನೊಬ್ಬರು ಬೈಯಲಿಲ್ಲ, ಆದರೆ ಆ ಎರಡು ಮಧ್ಯಾಹ್ನ ಯಾರೂ ಹಾಡಲೂ ಇಲ್ಲ.

ಆದ್ದರಿಂದ ಟಾಕು ನಡುವಿನಿಂದ ಶುರುವಾಗಲಿ. ಉದ್ದುದ್ದ ಹೊಲಿಗೆ, ಬೇರೆ ಬಣ್ಣದ ದಾರ, ಗೇಣಿಗೊಂದು ಸಾಲು, ನಡುವಿನಿಂದ ನಾಲ್ಕೂ ದಿಕ್ಕಿಗೆ. ಆಮೇಲೆ ಕಲ್ಲು ತೆಗೆದು, ಕೌದಿಯನ್ನು ತಿರುವಿಹಾಕಿ ಅಡಿಹಾಸಿನ ಮೇಲೆ ಕೈಯಾಡಿಸಿ ನೋಡಿ. ಒಂದು ಸುಕ್ಕು ಸಿಕ್ಕರೂ ಆ ಸಾಲು ಬಿಚ್ಚಿ ಮತ್ತೆ ಹಾಕಿ. ಈಗ ಬಿಚ್ಚಿದರೆ ಐದು ನಿಮಿಷದ ಕೆಲಸ.

ಸಾಲು ಹಿಡಿಯುವುದು

ಅಸಲು ಹೊಲಿಗೆ ಅಂಚಿನಿಂದ ಒಳಕ್ಕೆ ಹೋಗುತ್ತದೆ. ಸುತ್ತಳತೆ 24 ಫೂಟು, ಆರು ಜನಕ್ಕೆ ತಲಾ ನಾಲ್ಕು ಫೂಟು. ಎಲ್ಲರೂ ಒಂದೇ ದಿಕ್ಕಿಗೆ ಹೊಲಿಯಬೇಕು, ಬಲದಿಂದ ಎಡಕ್ಕೆ ಅಂದರೆ ಬಲದಿಂದ ಎಡಕ್ಕೇ. ಒಬ್ಬಳ ಸಾಲು ಮುಗಿದಲ್ಲಿ ಪಕ್ಕದವಳ ಸಾಲು ಕೂಡಿಕೊಂಡು ಒಂದು ಸುತ್ತು ಆಗುತ್ತದೆ, ಆಮೇಲೆ ಅರ್ಧ ಅಂಗುಲ ಒಳಗೆ ಮುಂದಿನ ಸುತ್ತು. ಮೇಟಿಯ ಸುತ್ತ ಹಂತಿ ತಿರುಗಿದ ಹಾಗೆ ಸುತ್ತು ಸಣ್ಣದಾಗುತ್ತ ನಡುವಿಗೆ ಬರುತ್ತದೆ. ಹೊಲಿದ ಭಾಗದ ಮೇಲೇ ಕೂತು ಒಳಕ್ಕೆ ಸರಿಯುತ್ತ ಹೋಗಿ, ನಿಮ್ಮ ಭಾರವೇ ಬಟ್ಟೆಯನ್ನು ಬಿಗಿ ಹಿಡಿಯುತ್ತದೆ. ನಡು ಹತ್ತಿರವಾದಂತೆ ಜಾಗ ಸಾಲದೆ ಒಬ್ಬೊಬ್ಬರೇ ಏಳುತ್ತಾರೆ. ಕೊನೆಗೆ ಉಳಿಯುವವಳು ಒಬ್ಬಳೇ. ಅವಳು ಕೈ ಬಲ್ಲ ಹಿರಿಯಳಾಗಿರಲಿ.

ಹೊಲಿಗೆ ಸಾದಾ ಓಡುಹೊಲಿಗೆಯೇ. ಎಡಗೈ ಕೌದಿಯ ಅಡಿಗೆ, ಬಲಗೈ ಮೇಲೆ. ಸೂಜಿಯ ತುದಿ ಎಡಗೈಯ ತೋರುಬೆರಳಿಗೆ ಚುರುಕ್ ಅಂತ ತಾಗಿದರೆ ನಾಲ್ಕೂ ಪದರ ದಾಟಿತು ಎಂದರ್ಥ. ತಾಗಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ತುಂಬಿಕೊಂಡು ಒಮ್ಮೆಗೇ ಎಳೆಯಿರಿ. ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಒಮ್ಮೆ ಹಿಂದಕ್ಕೆ ನೀವಿ, ಇಲ್ಲದಿದ್ದರೆ ದಾರ ಬಿಗಿದು ಬಟ್ಟೆ ಸುಕ್ಕಾಗುತ್ತದೆ. ತೋರುಬೆರಳಿಗೆ ಹಳೇ ಖಣದ ಪಟ್ಟಿ ಸುತ್ತಿಕೊಳ್ಳಿ. ಗಂಟನ್ನು ಮೇಲೂ ಅಡಿಗೂ ಬಿಡದೆ ಪದರಗಳ ನಡುವೆ ಅಡಗಿಸಬೇಕು. ಗಂಟು ಹೊರಗಿದ್ದರೆ ಮಲಗಿದವರ ಮೈಗೆ ಒತ್ತುತ್ತದೆ, ಒಗೆಯುವಾಗ ಬಿಚ್ಚುತ್ತದೆ.

ಸಾಲು ನೂಲು ಹಿಡಿದಷ್ಟು ನೇರ ಬರಬೇಕೆಂಬ ಹಟ ಬೇಡ. ಒಬ್ಬೊಬ್ಬರ ಹೊಲಿಗೆ ಒಂದೊಂದು ಥರ ಇರುತ್ತದೆ, ಅದು ಇರಲಿ. ಚಿಕ್ಕ ಹುಡುಗಿಯರನ್ನು ಬದಿಗೆ ಕೂರಿಸಿಕೊಂಡು ಒಂದು ಸುತ್ತು ಅವರಿಗೆ ಬಿಟ್ಟುಕೊಡಿ. ದೊಡ್ಡ ದೊಡ್ಡ ಹೊಲಿಗೆ ಬೀಳುತ್ತವೆ, ಬಿಚ್ಚಬೇಡಿ. ಅದರ ಪಕ್ಕದಲ್ಲೇ ನೀವು ಒಂದು ಒತ್ತಾದ ಸಾಲು ಹಾಕಿದರೆ ಮುಗಿಯಿತು. ಹಿರಿಯರಿಗೆ ಬೀಸುವ ಪದ, ಹಂತಿಯ ಪದ ಬರುತ್ತವೆ. ಕೇಳಿ ಹಾಡಿಸಿ. ಬೀಸುವ ಕಲ್ಲು ಮನೆಯಿಂದ ಹೋದ ಮೇಲೆ ಆ ಪದಗಳಿಗೆ ಕೂರಲು ಜಾಗವೇ ಇರಲಿಲ್ಲ. ಕೌದಿಯ ಸುತ್ತ ಕೂತಾಗ ತಾವಾಗಿ ಬಾಯಿಗೆ ಬಂದವು. ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಳ್ಳಿ.

ದಡಿ, ಮೂಲೆ, ತುತ್ತು

ಇಳಕಲ್ ಸೀರೆ ನಡುವೆ ಹರಿದರೂ ದಡಿ ಹರಿಯುವುದಿಲ್ಲ. ಒಂದು ಹದಿನೆಂಟು ಮೊಳದ ಸೀರೆಯ ಒಂದು ಬದಿಯ ದಡಿ 27 ಫೂಟು ಬರುತ್ತದೆ, ಕೌದಿಯ ಸುತ್ತಿಗೆ 24 ಸಾಕು. ದಡಿ ಸಣ್ಣದಿದ್ದರೆ ಮೈಯ ಬಟ್ಟೆಯನ್ನೂ ಸೇರಿಸಿ 7 ಅಂಗುಲಕ್ಕೆ ಕತ್ತರಿಸಿ. ಚೌಕಗಳಿಗೆ ಇದನ್ನು ಮೊದಲೇ ಕೂಡಿಸಿರಬೇಕು, ಪದರ ಹಾಸುವ ಮೊದಲು. ಈಗ ಉಳಿದಿರುವುದು ಹೊರಗಿನ ಅಂಚು. ಅಡಿಹಾಸನ್ನೂ ದಡಿಯನ್ನೂ ಎದುರುಬದುರು ಒಳಗೆ ಮಡಚಿ, ಎರಡು ಸಾಲು ಒತ್ತಾಗಿ ಹೊಲಿಯಿರಿ.

ಮೊದಲು ಹರಿಯುವುದು ಮೂಲೆ. ಎಳೆಯುವುದು, ಕೊಡವುವುದು, ಗಳಕ್ಕೆ ಹಾಕುವುದು ಎಲ್ಲ ಮೂಲೆ ಹಿಡಿದೇ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ ತ್ರಿಕೋನದ ಫೂಲ (ಹೂವು) ಇಡುತ್ತಾರೆ. ಅವರ ಪಾಲಿಗೆ ಫೂಲ ಇಲ್ಲದ ಕೌದಿ ಮುಗಿದ ಕೌದಿಯಲ್ಲ. ನಾವೂ ಅದನ್ನು ನೋಡಿ ಕಲಿತು ನಾಲ್ಕು ಮೂಲೆಗೆ ಖಣದ ತ್ರಿಕೋನ ಇಟ್ಟೆವು. ಅಂದವೂ ಆಯಿತು, ಮೂಲೆಗೆ ಬಲವೂ ಬಂತು.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಅಂಚು ಪೂರ್ತಿ ಮುಚ್ಚುವ ಮೊದಲು ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟು, ಒಣ ಜೋಳದ ರೊಟ್ಟಿಯ ಒಂದು ಚೂರು ಒಳಗಿಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದು ಮಲಗಬಾರದು. ರೊಟ್ಟಿ ಇಟ್ಟರೆ ಇರುವೆ ಬರುತ್ತದೆ ಅನ್ನುವವರು ಐದು ಕಾಳು ಜೋಳ ಇಡಿ. ಹುರಿದು ಇಟ್ಟರೆ ಹುಳು ಹಿಡಿಯುವುದಿಲ್ಲ. ಹೊಲದ ಕೌದಿಗೆ ನಾವು ಪ್ರತಿ ಮನೆಯಿಂದ ಒಂದೊಂದರಂತೆ 24 ಕಾಳು ತಂದು, ಚಿಕ್ಕ ಅರಿವೆಯಲ್ಲಿ ಕಟ್ಟಿ ಒಂದು ಮೂಲೆಯ ತ್ರಿಕೋನದೊಳಗೆ ಇಟ್ಟೆವು. ಆ ಮೂಲೆಯ ಹಿಂಬದಿಯಲ್ಲಿ ಊರಿನ ಹೆಸರು, ಹೊಲಿದ ವರ್ಷ.

ಕೊನೆಗೆ ಬೇರೆ ಬಣ್ಣದ ಟಾಕಿನ ದಾರವನ್ನೆಲ್ಲ ಎಳೆದು ತೆಗೆಯಿರಿ. ಈ ಕೆಲಸ ಮಕ್ಕಳಿಗೆ ಕೊಡಿ, ಅವರಿಗೆ ಖುಷಿ.

ಹೊದೆಯುವುದು, ಒಗೆಯುವುದು

ಮಾರಬೇಕೆಂದಿದ್ದರೆ 64 ತಾಸಿನ ಕೂಲಿ ಮತ್ತು ಚೌಕಗಳ ಕೂಲಿ ಎರಡನ್ನೂ ಕೂಡಿಸಿ ಬೆಲೆ ಹೇಳಿ. ಹಳೇ ಬಟ್ಟೆಯದ್ದು ತಾನೆ ಅಂತ ಕೇಳುವವರಿಗೆ ಕೊಡಬೇಡಿ. ಆದರೆ ಮೊದಲ ಕೌದಿಯನ್ನು ಊರಲ್ಲೇ ಇಟ್ಟುಕೊಳ್ಳಿ ಅನ್ನುವುದು ನನ್ನ ಆಸೆ. ನಾವು ಪಾಳಿ ಮಾಡಿಕೊಂಡಿದ್ದೇವೆ. ಊರಲ್ಲಿ ಯಾರಾದರೂ ಹೆತ್ತರೆ ಬಾಣಂತಿ ಎದ್ದು ಓಡಾಡುವ ತನಕ ಆ ಮನೆಯಲ್ಲಿ. ಬಾಣಂತಿ ಇಲ್ಲದ ತಿಂಗಳು ಒಂದೊಂದು ಮನೆಗೆ.

ಒಗೆತ ವರ್ಷಕ್ಕೆ ಎರಡು ಸಲ ಸಾಕು. ಟ್ಯಾಂಕರ್ ನೀರಿನ ದಿನಗಳಲ್ಲಿ ಬೇಡ, ಹಳ್ಳ ಹರಿಯುವಾಗ ಒಯ್ಯಿರಿ. ಮೂರು ಕಿಲೋದ ಕೌದಿ ನೀರು ಕುಡಿದ ಮೇಲೆ ಒಬ್ಬಳ ಕೈಗೆ ಎತ್ತಲಾಗುವುದಿಲ್ಲ, ಇಬ್ಬರು ಬೇಕು. ಬಂಡೆಗೆ ಬಡಿಯದೆ ಕಾಲಿನಿಂದ ತುಳಿಯಿರಿ. ಹಿಂಡುವುದೂ ಬೇಡ, ಮಡಚಿ ಓರೆಗಲ್ಲಿನ ಮೇಲಿಟ್ಟರೆ ನೀರು ಇಳಿಯುತ್ತದೆ. ತಂತಿಗೆ ನೇತುಹಾಕಿದರೆ ಭಾರಕ್ಕೆ ನಡು ಜಗ್ಗುತ್ತದೆ, ಬಣವಿಯ ಮೇಲೋ ಕಲ್ಲಿನ ಮೇಲೋ ಹರಡಿ, ಚೌಕಗಳು ಕೆಳಗಾಗಿ. ನೇರ ಬಿಸಿಲಿಗೆ ದಡಿಯ ಬಣ್ಣ ಮಾಸುತ್ತದೆ.

ಒಣಗಿದ ಮೇಲೆ ಮಡಚುವ ಮುಂಚೆ ಒಮ್ಮೆ ಪೂರ್ತಿ ಹಾಸಿ ನೋಡಿ. ದಾರ ಹರಿದದ್ದು, ಚೌಕ ಸವೆದದ್ದು ಕಂಡರೆ ಆ ಮನೆಯವಳಿಗೆ ಹೇಳಿ ಕಳಿಸಿ. ಕಳೆದ ಮಳೆಗಾಲ ಒಗೆದಾಗ ಬತ್ತಿದ ಬಾವಿಯ ಚೌಕದ ಅಂಚು ಬಿಚ್ಚಿತ್ತು. ಅವಳು ಸೂಜಿ ತಂದು ಕೂತಳು, ಅಂಚು ಹೊಲಿದಳು, ಆಮೇಲೆ ಉಂಗುರದ ನಡುವೆ ನೀಲಿ ದಾರದ ಎರಡು ಹೊಲಿಗೆ ಹಾಕಿ ಎದ್ದಳು. ಆ ಸಲ ಮಳೆ ಚೆನ್ನಾಗಿತ್ತು.